ನಾಯಿಮರಿ ತರುವ ಮುಂಚೆ ಯಾವ ಪುಸ್ತಕ ಓದಬೇಕು? ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾಯಿ ತಳಿಗಳ ಬಗ್ಗೆ, ಮರಿ ಪಳಗಿಸುವುದರ ಬಗ್ಗೆ ಪುಸ್ತಕ ಕೂಡಿಡುವ ಚಟ ನನಗಿದೆ. ಹಾಗಾಗಿ ಡೊಂಬಿವಲಿ, ಮುಲುಂಡ್, ನೆರೂಲ್ ಕಡೆಯ ನಮ್ಮವರು ಮರಿ ತರುವ ಯೋಚನೆ ಬಂದಾಗ ಫೋನ್ ಮಾಡುತ್ತಾರೆ. ಕೇಳುವುದು ಹೆಚ್ಚುಕಡಿಮೆ ಅದೇ ಪ್ರಶ್ನೆಗಳನ್ನು. ಅವನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ಮರಿ ಈಗಾಗಲೇ ಮನೆಗೆ ಬಂದಾಗಿದ್ದರೆ ಮೊದಲ ಭಾಗ ಬಿಟ್ಟು ಲಸಿಕೆಯ ಪ್ರಶ್ನೆಯಿಂದ ಓದಿ.

ಯೂಟ್ಯೂಬಲ್ಲಿ ಎಲ್ಲಾ ಸಿಗುತ್ತಲ್ಲ, ಪುಸ್ತಕ ಯಾಕೆ ಬೇಕು?

ವಿಡಿಯೊ ಬೇಡ ಅನ್ನುವುದಿಲ್ಲ. ಕೈ ಎಲ್ಲಿಡಬೇಕು, ತಿಂಡಿ ಯಾವ ಕ್ಷಣಕ್ಕೆ ಕೊಡಬೇಕು ಅನ್ನುವುದು ನೋಡಿದರೇ ಚೆನ್ನಾಗಿ ತಿಳಿಯುತ್ತದೆ. ಆದರೆ ವಿಡಿಯೊ ಒಂದೊಂದು ಆಟ ಮಾತ್ರ ಹೇಳಿಕೊಡುತ್ತದೆ. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಈ ವಾರ ತಪ್ಪಿದರೆ ಮತ್ತೆ ಸಿಗುವುದಿಲ್ಲ ಅನ್ನುವ ಕ್ರಮ ಪುಸ್ತಕದಲ್ಲಿ ಇರುತ್ತದೆ. ಇನ್ನೊಂದು ವಿಷಯ. ಹತ್ತು ವಿಡಿಯೊ ನೋಡಿದರೆ ಹತ್ತು ಜನರ ಹತ್ತು ಪದ್ಧತಿ ತಲೆಗೆ ಹೋಗುತ್ತದೆ. ಅಪ್ಪ ಒಂದು ರೀತಿ, ಮಗಳು ಇನ್ನೊಂದು ರೀತಿ ಕಲಿಸಿದರೆ ಮರಿಗೆ ತಲೆಬುಡ ಗೊತ್ತಾಗುವುದಿಲ್ಲ. ಮನೆಯವರೆಲ್ಲ ಒಂದೇ ಪುಸ್ತಕ ಓದಿದರೆ ಆ ಗೊಂದಲ ಅರ್ಧ ಕಡಿಮೆ.

ಎಷ್ಟು ಪುಸ್ತಕ ಕೊಳ್ಳಬೇಕು?

ಎರಡು ಸಾಕು. ಒಂದು ತಳಿಗಳ ಪುಸ್ತಕ, ಒಂದು ಮರಿ ತರಬೇತಿಯ ಪುಸ್ತಕ. ಇವೆರಡೂ ಬೇರೆ ಬೇರೆ ಕೆಲಸಕ್ಕೆ. ತಳಿಯ ಪುಸ್ತಕ ಓದುವುದು ಯಾವ ನಾಯಿ ಬೇಡ ಅಂತ ತೀರ್ಮಾನಿಸಲು. ತರಬೇತಿಯ ಪುಸ್ತಕ ಓದುವುದು ಮರಿ ಬಂದ ಮೊದಲ ರಾತ್ರಿ ಏನು ಮಾಡಬೇಕು ಅಂತ ತಿಳಿಯಲು. ಎರಡನ್ನೂ ಮರಿ ಬರುವ ಮುಂಚೆಯೇ ಓದಬೇಕು. ಬಂದ ಮೇಲೆ ಓದಲು ಪುರುಸೊತ್ತು ಸಿಗುವುದಿಲ್ಲ, ಪುಸ್ತಕವೂ ಮರಿಯ ಹಲ್ಲಿಗೆ ಸಿಗುತ್ತದೆ.

ತಳಿಗಳ ಪುಸ್ತಕದಲ್ಲಿ ಬರೀ ಚಂದದ ಫೋಟೊ. ಅದರಲ್ಲಿ ಓದುವುದೇನಿದೆ?

ಫೋಟೊ ನೋಡಿ ಆಯ್ಕೆ ಮಾಡುವುದೇ ಎಲ್ಲ ತಾಪತ್ರಯಕ್ಕೂ ಮೂಲ. ಪ್ರತಿ ತಳಿಯ ಪುಟದಲ್ಲೂ ಆ ನಾಯಿಯನ್ನು ಯಾವ ಕೆಲಸಕ್ಕೆ ಬೆಳೆಸಿದರು ಅಂತ ಒಂದೆರಡು ಸಾಲು ಇರುತ್ತದೆ. ನೀವು ಓದಬೇಕಾದ್ದು ಅದನ್ನು.

ಬೀಗಲ್ ಮೂಗಿನಿಂದ ವಾಸನೆ ಹಿಡಿದು ಮೊಲದ ಹಿಂದೆ ಹೋಗಲು ಬೆಳೆಸಿದ ನಾಯಿ. ಮೂಗು ನೆಲಕ್ಕೆ ಇಟ್ಟಿತೆಂದರೆ ನಿಮ್ಮ ಕೂಗು ಅದಕ್ಕೆ ಕೇಳಿಸುವುದೇ ಇಲ್ಲ. ಮೀನು ಮಾರ್ಕೆಟ್ ಪಕ್ಕದ ರಸ್ತೆಯಲ್ಲಿ ಅದನ್ನು ವಾಕಿಂಗ್ ಕರೆದುಕೊಂಡು ಹೋಗುವುದು ಅಂದರೆ ಏನು ಅಂತ ಯೋಚಿಸಿ. ಡ್ಯಾಷ್‌ಹುಂಡ್ ಬಿಲದೊಳಗೆ ನುಗ್ಗಿ ಬ್ಯಾಜರ್ ಅನ್ನುವ ಪ್ರಾಣಿಯನ್ನು ಹಿಡಿಯಲು ಹುಟ್ಟಿದ್ದು. ಬಿಲ ಸಿಗದಿದ್ದರೆ ಸೋಫಾ ಇದೆಯಲ್ಲ. ಲ್ಯಾಬ್ರಡಾರ್‌ನ ಪೂರ್ವಜರು ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ಜೊತೆ ನೀರಿನಲ್ಲಿ ಕೆಲಸ ಮಾಡುತ್ತಿದ್ದ ನಾಯಿಗಳು. ನೀರು ಕಂಡರೆ ಹಾರುವುದು, ಸಿಕ್ಕಿದ್ದನ್ನೆಲ್ಲ ಬಾಯಲ್ಲಿ ಹಿಡಿದು ತರುವುದು ಅದರ ರಕ್ತದಲ್ಲೇ ಇದೆ. ಹೊಟ್ಟೆಬಾಕತನಕ್ಕೂ ಕಾರಣ ಇದೆ. ಹಸಿವು ತಣಿಯಿತು ಅಂತ ಮೆದುಳಿಗೆ ತಿಳಿಸುವ ಒಂದು ಜೀನ್ ಬ್ರಿಟನ್ನಿನ ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ ಕೆಟ್ಟಿದೆ ಅಂತ ಕೇಂಬ್ರಿಜ್‌ನ ಸಂಶೋಧಕರು 2016ರಲ್ಲಿ ಕಂಡುಕೊಂಡರು. ಅಜ್ಜಿ ಪಾಪ ಅಂತ ಇನ್ನೊಂದು ಚಪಾತಿ ಹಾಕುವ ಮುಂಚೆ ಇದನ್ನು ಅವರಿಗೆ ಓದಿ ಹೇಳಿ.

ಇನ್ನು ಸ್ವಭಾವದ ಸಾಲುಗಳು. ಇವನ್ನು ಬರೆಯುವವರು ಆ ತಳಿಯನ್ನು ಪ್ರೀತಿಸುವವರು. ಸಂಬಂಧ ಕುದುರಿಸುವ ಬ್ರೋಕರ್ ಮಾತಿನ ಹಾಗೆ ಇದನ್ನೂ ಬಿಡಿಸಿ ಓದಬೇಕು. "ಸ್ವತಂತ್ರ ಸ್ವಭಾವ" ಅಂದರೆ ಕರೆದರೆ ಬರುವುದಿಲ್ಲ. "ಮನೆಯವರಿಗೆ ನಿಷ್ಠೆ, ಹೊರಗಿನವರ ಹತ್ತಿರ ಬಿಗುಮಾನ" ಅಂದರೆ ಊರಿಂದ ಬಂದ ದೊಡ್ಡಪ್ಪ ಹಾಲ್‌ನಲ್ಲಿ ನೆಮ್ಮದಿಯಾಗಿ ಕೂರುವ ಹಾಗಿಲ್ಲ. "ಕೆಲಸ ಕೊಟ್ಟರೆ ಖುಷಿ" ಅಂದರೆ ಕೊಡದಿದ್ದರೆ ತಾನೇ ಹುಡುಕಿಕೊಳ್ಳುತ್ತದೆ, ಚಪ್ಪಲಿ ಸ್ಟ್ಯಾಂಡಿನಿಂದ ಶುರು. "ಗಂಭೀರವಾದ ದನಿ" ಅಂದರೆ ಬಿ ವಿಂಗಿನವರೂ ಸೆಕ್ರೆಟರಿಗೆ ದೂರು ಕೊಡುತ್ತಾರೆ. "ಹಂಗಾಮಿಗೆ ಸರಿಯಾಗಿ ಕೂದಲು ಉದುರುತ್ತದೆ" ಅಂದರೆ, ಸರಿಯಾದ ಚಳಿಗಾಲವೇ ಇಲ್ಲದ ಮುಂಬೈಯಲ್ಲಿ, ವರ್ಷವಿಡೀ.

ಫ್ಲಾಟಿಗೆ ಒಗ್ಗುವ ತಳಿ ಅಂತ ಪುಸ್ತಕದಲ್ಲಿ ಗುರುತು ಹಾಕಿರುತ್ತಾರೆ. ಅದನ್ನು ನಂಬಬಹುದಾ?

ಅರ್ಧ ನಂಬಿ. ಆ ಗುರುತು ಹಾಕಿದವರು ಲಂಡನ್ ಅಥವಾ ನ್ಯೂಯಾರ್ಕ್‌ನ ಫ್ಲಾಟ್ ಮನಸ್ಸಿನಲ್ಲಿಟ್ಟು ಹಾಕಿರುತ್ತಾರೆ. ಅಲ್ಲಿ ಜಾಗದ ಲೆಕ್ಕ ಮಾತ್ರ. ಇಲ್ಲಿ ಸೆಕೆಯ ಲೆಕ್ಕ ಮೊದಲು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟು, ಬಾಯಿ ಮತ್ತು ಉಸಿರುದಾರಿಯ ತೇವ ಆರಿದಾಗ ಮೈ ತಂಪಾಗುತ್ತದೆ. ಗಾಳಿಯಲ್ಲೇ ತೇವ ತುಂಬಿದ್ದರೆ ಅದು ಆರುವುದು ಕಷ್ಟ. ಮುಂಬೈಯ ಮೇ ತಿಂಗಳು ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಹಾಗಾಗಿ ಸೈಬೀರಿಯನ್ ಹಸ್ಕಿ, ಸೇಂಟ್ ಬರ್ನಾರ್ಡ್ ಬೇಡವೇ ಬೇಡ. ಎರಡು ಪದರದ ಕೂದಲು ಹಿಮಕ್ಕಾಗಿ ಬೆಳೆದದ್ದು. ದಿನವಿಡೀ ಎಸಿ ಹಾಕುತ್ತೇವೆ ಅನ್ನುವವರಿಗೂ ನನ್ನ ಉತ್ತರ ಇದೇ, ಕರೆಂಟು ಹೋಗುವುದು ಮಧ್ಯಾಹ್ನವೇ. ಪಗ್ ಪುಟ್ಟದು, ಫ್ಲಾಟಿಗೆ ಸರಿ ಅಂತ ಎಲ್ಲ ಪುಸ್ತಕದಲ್ಲೂ ಇರುತ್ತದೆ. ಹಚ್ ಮೊಬೈಲ್ ಜಾಹೀರಾತು ಬಂದ ಮೇಲಂತೂ ಮನೆಮನೆಗೆ ಪಗ್ ಬಂತು. ಆದರೆ ಚಪ್ಪಟೆ ಮೂಗಿನ ನಾಯಿಗೆ ಉಸಿರಾಡುವುದೇ ಒಂದು ಕೆಲಸ. ಅದು ಗೊರಕೆ ಹೊಡೆಯುವುದು ಮುದ್ದಿನ ವಿಷಯ ಅಲ್ಲ, ದಾರಿ ಕಿರಿದಾಗಿದೆ ಅಂತ. ಷಿಟ್ಜು, ಫ್ರೆಂಚ್ ಬುಲ್‌ಡಾಗ್‌ಗೂ ಇದೇ ಮಾತು.

ನಮ್ಮ ದೇಶದ ತಳಿಗಳ ಬಗ್ಗೆ ಒಳ್ಳೆಯ ಪುಸ್ತಕ ಇದೆಯಾ?

ಇದೆ. ಥಿಯೊಡರ್ ಭಾಸ್ಕರನ್ ಅವರ 'ದಿ ಬುಕ್ ಆಫ್ ಇಂಡಿಯನ್ ಡಾಗ್ಸ್', 2017ರದ್ದು, ಇಂಗ್ಲಿಷಿನಲ್ಲಿದೆ. ಚಿಕ್ಕ ಪುಸ್ತಕ, ಒಂದೆರಡು ದಿನದಲ್ಲಿ ಮುಗಿಯುತ್ತದೆ. ವಿದೇಶದ ದಪ್ಪ ವಿಶ್ವಕೋಶಗಳಲ್ಲಿ ನಮ್ಮ ನಾಯಿಗಳಿಗೆ ಸಿಗುವ ಜಾಗ ತೀರಾ ಕಡಿಮೆ. ನಾಯಿ ತಳಿಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐ ಶುರುವಾದದ್ದು 1911ರಲ್ಲಿ. ಅದು ಮಾನ್ಯ ಮಾಡಿದ ತಳಿಗಳು ಈಗ 350ಕ್ಕಿಂತ ಜಾಸ್ತಿ. ಹೆಚ್ಚಿನ ವಿಶ್ವಕೋಶಗಳು ಇಂಥ ಪಟ್ಟಿಗಳನ್ನೇ ಹಿಡಿದು ಹೋಗುತ್ತವೆ. ಪಟ್ಟಿಯಲ್ಲಿ ಇಲ್ಲದ್ದು ಪುಸ್ತಕದಲ್ಲೂ ಇಲ್ಲ.

ನಮ್ಮವರು ಕೇಳುವುದು ಮುಧೋಳ ನಾಯಿಯ ಬಗ್ಗೆ. ಬಾಗಲಕೋಟೆ ಕಡೆಯವರಿಗೆ ಅದು ಅಭಿಮಾನದ ವಿಷಯ, ಇರಲೇಬೇಕು. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಪೋಷಿಸಿದರು. ಈಗ ಹತ್ತಿರದ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವೇ ಇದೆ. 2005ರಲ್ಲಿ ಅಂಚೆ ಇಲಾಖೆ ಮುಧೋಳ, ರಾಜಪಾಳಯಂ, ರಾಂಪುರ ಹೌಂಡ್ ಮತ್ತು ಹಿಮಾಲಯದ ಕುರಿನಾಯಿಯ ಚೀಟಿಗಳನ್ನು ಹೊರತಂದಿತ್ತು. ಮಹಾರಾಷ್ಟ್ರದಲ್ಲಿ ಇದೇ ಬಗೆಯ ನಾಯಿಯನ್ನು ಕಾರವಾನಿ ಅನ್ನುತ್ತಾರೆ, ಹಾಗಾಗಿ ಇಲ್ಲಿ ಕೇಳುವಾಗ ಎರಡೂ ಹೆಸರು ಹೇಳಿ.

ಸೆಕೆ ಅದಕ್ಕೆ ಸಮಸ್ಯೆ ಅಲ್ಲ. ಕೂದಲು ಗಿಡ್ಡ, ಮೈ ತೆಳು. ಆದರೆ ಅದು ಕಣ್ಣಿನಿಂದ ಬೇಟೆ ನೋಡಿ ಓಡುವ ನಾಯಿ. ದಿನಾ ಒಂದು ಬಾರಿ ಮನಸಾರೆ ಓಡಲು ಬೇಲಿ ಹಾಕಿದ ಬಯಲು ಬೇಕು. ಓಟ ಮುಗಿದ ಮೇಲೆ ಮನೆಯಲ್ಲಿ ಸುಮ್ನೆ ಮಲಗಿರುತ್ತದೆ. ಬಯಲು ಸಿಗದಿದ್ದರೆ ಈ ಆಸೆ ಬಿಡಿ. ಸೊಸೈಟಿಯ ಬೆಕ್ಕು ಕಂಡಾಗ ಕೈಯಲ್ಲಿ ಬೆಲ್ಟ್ ಗಟ್ಟಿಯಾಗಿ ಇರಬೇಕು, ಅಷ್ಟೇ ಹೇಳುತ್ತೇನೆ.

ನಾವು ಬೀದಿ ಮರಿ ತಂದಿದ್ದೇವೆ. ತಳಿಗಳ ಪುಸ್ತಕ ಬೇಕಾ?

ಬೇಡ. ಆ ದುಡ್ಡಿಗೆ ಇನ್ನೊಂದು ತರಬೇತಿ ಪುಸ್ತಕ ತನ್ನಿ. ಇಂಡಿ, ಅಂದರೆ ನಮ್ಮ ಬೀದಿ ನಾಯಿ, ಇಲ್ಲಿಯ ಹವೆಗೆ ಒಗ್ಗಿದ್ದು, ಕೂದಲಿನ ರಗಳೆ ಕಡಿಮೆ, ಮೂಗೂ ನೆಟ್ಟಗಿದೆ.

ತಳಿಯೇ ಎಲ್ಲ ಅಲ್ಲ ಅನ್ನುವುದಕ್ಕೆ ಆಧಾರವೂ ಇದೆ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನವೊಂದರ ಪ್ರಕಾರ, ನಾಯಿಯಿಂದ ನಾಯಿಗೆ ನಡವಳಿಕೆಯಲ್ಲಿ ಇರುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು 9 ಶೇಕಡ ಮಾತ್ರ. ಹಾಗಾದರೆ ಮೇಲೆ ಬೀಗಲ್ ಬಗ್ಗೆ ಅಷ್ಟೆಲ್ಲ ಹೇಳಿದ್ದೇಕೆ ಅಂತ ಕೇಳಬಹುದು. ಮೂಸುವುದು, ಅಗೆಯುವುದು, ಹಿಡಿದು ತರುವುದು ಇಂಥ ಕೆಲಸದ ಗುಣಗಳಲ್ಲಿ ತಳಿಯ ಪ್ರಭಾವ ಜಾಸ್ತಿ. ಸಿಟ್ಟು, ಸ್ನೇಹ ಇವುಗಳಲ್ಲಿ ಕಡಿಮೆ. "ಈ ತಳಿ ಮಕ್ಕಳಿಗೆ ಒಳ್ಳೇದು" ಅಂತ ಪುಸ್ತಕದಲ್ಲಿದ್ದರೆ ಅದು ಭರವಸೆ ಅಲ್ಲ. ಮರಿಯನ್ನೂ ಅದರ ತಾಯಿಯನ್ನೂ ಕಣ್ಣಾರೆ ನೋಡಿ.

ಪುಸ್ತಕ ಎಲ್ಲಿ ಸಿಗುತ್ತದೆ?

ಹೊಸದಾದರೆ ಆನ್‌ಲೈನ್. ಹಳೆಯದಾದರೆ ಫೌಂಟನ್ ಹತ್ತಿರದ ಫುಟ್‌ಪಾತ್, ಮಾಟುಂಗಾದ ಕಿಂಗ್ಸ್ ಸರ್ಕಲ್. ಮಾಟುಂಗಾಕ್ಕೆ ಹೋದವರು ಇಡ್ಲಿ ತಿಂದು, ತರಕಾರಿ ತಗೊಂಡು ಬರುವ ದಾರಿಯಲ್ಲೇ ನೋಡಬಹುದು. ಗೋವಾದ ಓದುಗರೂ ಕೇಳುತ್ತಾರೆ. ಪಣಜಿಯ ಪಾಟ್ಟೊದಲ್ಲಿರುವ ಸೆಂಟ್ರಲ್ ಲೈಬ್ರರಿ 1832ರಲ್ಲಿ ಶುರುವಾದದ್ದು, ಮೊದಲು ಅಲ್ಲಿ ವಿಚಾರಿಸಿ.

ಫುಟ್‌ಪಾತಿನಲ್ಲಿ ಸಿಕ್ಕ ಹಳೇ ಪುಸ್ತಕ ನಂಬಬಹುದಾ?

ತಳಿಗಳ ಹಳೇ ಪುಸ್ತಕ ಧಾರಾಳವಾಗಿ ಕೊಳ್ಳಿ. ಐವತ್ತು ವರ್ಷದ ಹಿಂದೆ ಪಗ್‌ಗೆ, ಜರ್ಮನ್ ಷೆಪರ್ಡ್‌ಗೆ ಎಂಥ ಮೈಕಟ್ಟು ಇತ್ತು ಅಂತ ನೋಡಿದರೆ, ಪ್ರದರ್ಶನದ ಹುಚ್ಚಿಗೆ ನಾಯಿಯ ಮೈಯನ್ನು ಎಷ್ಟು ಬದಲಾಯಿಸಿದ್ದಾರೆ ಅಂತ ಗೊತ್ತಾಗುತ್ತದೆ.

ತರಬೇತಿಯ ಹಳೇ ಪುಸ್ತಕ ಮಾತ್ರ ಬೇಡ. ಒಳಗಡೆ ಉಚ್ಚೆ ಮಾಡಿದರೆ ಮೂಗನ್ನು ಅದಕ್ಕೇ ಉಜ್ಜಿ, ಪೇಪರ್ ಸುರುಳಿ ಸುತ್ತಿ ಬಾರಿಸಿ, ಕುತ್ತಿಗೆಯ ಚೈನ್ ಜಗ್ಗಿ ಅಂತೆಲ್ಲ ಬರೆದಿರುತ್ತದೆ. ಇದರ ಹಿಂದೆ ಒಂದು ಕತೆ ಇದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನುವವರು ಬಂಧನದಲ್ಲಿದ್ದ ತೋಳಗಳನ್ನು ನೋಡಿ, ಗುಂಪಿನಲ್ಲಿ ಮೇಲುಗೈಗಾಗಿ ಜಗಳ ನಡೆಯುತ್ತದೆ ಅಂತ ಬರೆದರು. 1970ರಲ್ಲಿ ಡೇವಿಡ್ ಮೀಚ್ ಅವರ ತೋಳಗಳ ಪುಸ್ತಕದಿಂದ 'ಆಲ್ಫಾ', ಅಂದರೆ ಗುಂಪಿನ ಯಜಮಾನ, ಅನ್ನುವ ಮಾತು ಮನೆಮಾತಾಯಿತು. ನಾಯಿ ತರಬೇತಿಯವರು ಅದನ್ನೇ ಹಿಡಿದುಕೊಂಡರು. ನಾಯಿಗೆ ನೀವೇ ಆಲ್ಫಾ ಅಂತ ತೋರಿಸಿ, ಮೊದಲು ನೀವು ಉಣ್ಣಿ, ಮಾತು ಕೇಳದಿದ್ದರೆ ಅಂಗಾತ ಕೆಡವಿ ಒತ್ತಿಹಿಡಿಯಿರಿ ಅಂತ.

ಆಮೇಲೆ ಮೀಚ್ ಅವರೇ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದರು. ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳು. ಬರೀ ಸಂಸಾರ. ಪರಿಚಯ ಇಲ್ಲದ ತೋಳಗಳನ್ನು ಒಂದೇ ಬೋನಿಗೆ ಹಾಕಿದರೆ ಮಾತ್ರ ಹಿಂದಿನವರು ಕಂಡ ಜಗಳ. 1999ರಲ್ಲಿ ಅವರು ಇದನ್ನು ಬರೆದು ಹಳೆಯ ಮಾತನ್ನು ತಿದ್ದಿದರು. ತಮ್ಮ ಪುಸ್ತಕದ ಮುದ್ರಣ ನಿಲ್ಲಿಸಿ ಅಂತ ಪ್ರಕಾಶಕರನ್ನೂ ಕೇಳಿಕೊಂಡರು. ತೋಳದ ಪಂಡಿತರು ಬಿಟ್ಟರೂ ನಮ್ಮ ಕಾಲೊನಿಯ ಟ್ರೇನರ್‌ಗಳು ಇನ್ನೂ ಬಿಟ್ಟಿಲ್ಲ, ಅಲ್ವಾ?

ಹಾಗಾದರೆ ಯಾವ ತರಬೇತಿ ಪುಸ್ತಕ?

ಕ್ಯಾರೆನ್ ಪ್ರಯರ್ ಅವರ 'ಡೋಂಟ್ ಶೂಟ್ ದ ಡಾಗ್', 1984ರದ್ದು. ಅವರು ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ತರಬೇತಿ ಕೊಡುತ್ತಿದ್ದವರು. ಡಾಲ್ಫಿನ್‌ಗೆ ಚೈನ್ ಹಾಕಿ ಜಗ್ಗಲು ಆಗುವುದಿಲ್ಲ. ಬೈದರೆ ಈಜಿಕೊಂಡು ಆಚೆ ಹೋಗುತ್ತದೆ. ಮಾಡಿದ್ದು ಸರಿಯಾದ ಆ ಕ್ಷಣದಲ್ಲೇ ಸೀಟಿ ಊದಿ, ಮೀನು ಕೊಟ್ಟು ಕಲಿಸುವುದೊಂದೇ ದಾರಿ. ನಾಯಿಗೆ ಬಳಸುವ ಕ್ಲಿಕ್ಕರ್, ಅಂದರೆ ಒತ್ತಿದರೆ ಟಿಕ್ ಅನ್ನುವ ಪುಟ್ಟ ಸಾಧನ, ಅದೂ ಇದೇ ಲೆಕ್ಕ. ಇದರಲ್ಲಿ ದಿನಕ್ಕೊಂದು ಪಾಠ ಅನ್ನುವ ರೀತಿ ಇಲ್ಲ, ಕಲಿಕೆ ಹೇಗೆ ನಡೆಯುತ್ತದೆ ಅನ್ನುವುದು ಇದೆ. ಗಂಡನಿಗೂ ಪ್ರಯೋಗಿಸಿದೆ ಅಂತ ಒಬ್ಬ ಅಕ್ಕ ಹೇಳಿದರು, ಫಲಿತಾಂಶ ಹೇಳಲಿಲ್ಲ.

ದಿನದಿನದ ಪಾಠಕ್ಕೆ ಬೇರೆ ಪುಸ್ತಕ ಬೇಕಿದ್ದರೆ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಹಿಂದಿನ ಪದಸೂಚಿ ತೆಗೆದು ಉಚ್ಚೆ, ಕಚ್ಚುವುದು, ಗುರ್ ಅನ್ನುವುದು ಈ ಮೂರು ಕಡೆ ಏನಿದೆ ಅಂತ ಓದಿ. ಗುರ್ ಅಂದರೆ ಶಿಕ್ಷೆ ಕೊಡಿ ಅಂತ ಇದ್ದರೆ ಅಲ್ಲೇ ಇಟ್ಟು ಬನ್ನಿ. ಗುರ್ ಅನ್ನುವುದು ನಾಯಿ ಕೊಡುವ ಎಚ್ಚರಿಕೆ. ಅದನ್ನು ಹೊಡೆದು ಬಿಡಿಸಿದರೆ ಮುಂದಿನ ಸಲ ಎಚ್ಚರಿಕೆ ಇಲ್ಲದೆ ಕಚ್ಚುತ್ತದೆ.

ಮರಿಯನ್ನು ಬೇಗ ಹೊರಗಿನ ಪ್ರಪಂಚಕ್ಕೆ ಪರಿಚಯಿಸಿ ಅಂತ ಪುಸ್ತಕ. ಲಸಿಕೆ ಮುಗಿಯುವವರೆಗೆ ಹೊರಗೆ ಬೇಡ ಅಂತ ಡಾಕ್ಟರು. ಯಾರ ಮಾತು ಕೇಳಬೇಕು?

ಇಬ್ಬರೂ ಸರಿಯೇ. ಇಬ್ಬರಿಗೂ ಹೆದರಿಕೆ ಬೇರೆ ಬೇರೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಐದು ತಳಿಗಳ ಮರಿಗಳನ್ನು ವರ್ಷಾನುಗಟ್ಟಲೆ ಬೆಳೆಸಿ, ನೋಡಿ, 1965ರಲ್ಲಿ ದಪ್ಪ ಪುಸ್ತಕ ಬರೆದರು. ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ ಮರಿ ಯಾವುದನ್ನು ಕಂಡು ರೂಢಿ ಮಾಡಿಕೊಳ್ಳುತ್ತದೋ ಅದಕ್ಕೆ ಮುಂದೆ ಹೆದರುವುದು ಕಡಿಮೆ ಅನ್ನುವ ತಿಳಿವಳಿಕೆ ಅಲ್ಲಿಂದ ಬಂತು. ಲಸಿಕೆಗಳು ಆರರಿಂದ ಎಂಟನೇ ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸುತ್ತಾ, ಮುಗಿಯುವುದು ಹದಿನಾರನೇ ವಾರದ ಹೊತ್ತಿಗೆ. ಅಷ್ಟರಲ್ಲಿ ರೂಢಿ ಮಾಡಿಕೊಳ್ಳುವ ಆ ವಯಸ್ಸು ದಾಟಿರುತ್ತದೆ. ಹಾಗಂತ ನೆಲಕ್ಕೆ ಬಿಟ್ಟರೆ ಪಾರ್ವೊ ಅನ್ನುವ ವೈರಸ್ ರೋಗ ಬರಬಹುದು, ಅದು ಮರಿಯ ಪ್ರಾಣಕ್ಕೇ ಅಪಾಯ.

ದಾರಿ ಏನೆಂದರೆ, ಎತ್ತಿಕೊಂಡು ಹೋಗಿ. ಕಾಲು ನೆಲಕ್ಕೆ ತಾಗದಿದ್ದರೆ ಆಯಿತು. ಪುಸ್ತಕದಲ್ಲಿರುವ ಪಟ್ಟಿಯಲ್ಲಿ ಕುದುರೆ, ಹುಲ್ಲು ಕೊಯ್ಯುವ ಯಂತ್ರ ಇರುತ್ತದೆ. ಅದನ್ನು ಬದಿಗಿಟ್ಟು ನಮ್ಮದೇ ಪಟ್ಟಿ ಮಾಡಿ. ಲಿಫ್ಟಿನ ಬಾಗಿಲು, ವಾಚ್‌ಮನ್‌ನ ಲಾಠಿ ಮತ್ತು ಸೀಟಿ, ರೇನ್‌ಕೋಟ್ ಹಾಕಿದ ಮನುಷ್ಯ, ಬಿಚ್ಚುವ ಕೊಡೆ, ರಿಕ್ಷಾ, ಗೇಟಿನ ಆಚೆಯಿಂದ ರೈಲಿನ ಸದ್ದು, ಕುಕ್ಕರ್ ಸೀಟಿ, ಮಿಕ್ಸಿ. ಎಲ್ಲಕ್ಕಿಂತ ಮುಖ್ಯ ಗಣಪತಿ ವಿಸರ್ಜನೆಯ ಢೋಲ್ ತಾಷೆ ಮತ್ತು ದೀಪಾವಳಿಯ ಪಟಾಕಿ. ಇವನ್ನು ಮೊಬೈಲಿನಲ್ಲಿ ತೀರಾ ಸಣ್ಣ ದನಿಯಲ್ಲಿ ಹಾಕಿ, ಊಟ ಹಾಕುವಾಗ ಕೇಳಿಸಿ. ಮರಿ ಕಿವಿ ನಿಮಿರಿಸದೆ ತಿನ್ನುತ್ತಿದ್ದರೆ ಮಾತ್ರ ದನಿ ಸ್ವಲ್ಪ ಏರಿಸಿ. ಹಬ್ಬದ ದಿನವೇ ನಿಜವಾದ ಢೋಲಿನ ಮುಂದೆ ಒಯ್ದು ನಿಲ್ಲಿಸಿ 'ರೂಢಿ ಆಗಲಿ' ಅನ್ನಬೇಡಿ. ರೂಢಿ ಆಗುವುದಿಲ್ಲ, ಜನ್ಮದ ಹೆದರಿಕೆ ಆಗುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಎಚ್ಚರಿಕೆ. ಇಲಿಯ ಮೂತ್ರ ಸೇರಿದ ನಿಂತ ನೀರಿನಿಂದ ಲೆಪ್ಟೊ (ಇಲಿ ಜ್ವರ) ಬರುತ್ತದೆ, ನಾಯಿಗೂ ಮನುಷ್ಯರಿಗೂ. ಲೆಪ್ಟೊ ಲಸಿಕೆ ಸೇರಿದೆಯಾ ಅಂತ ಡಾಕ್ಟರ ಹತ್ತಿರ ಕೇಳಿ. ಲಸಿಕೆ ಆದರೂ ಕೊಚ್ಚೆ ನೀರಿಗೆ ಇಳಿಸಬೇಡಿ.

"ಮರಿಯನ್ನು ಅಂಗಳಕ್ಕೆ ಕರೆದೊಯ್ಯಿರಿ" ಅಂತ ಪುಸ್ತಕದಲ್ಲಿದೆ. ನಮ್ಮದು ಹದಿನಾಲ್ಕನೇ ಮಹಡಿ.

ಅಂಗಳದ ಜಾಗಕ್ಕೆ ಬಾಲ್ಕನಿ ಅಥವಾ ಬಾತ್‌ರೂಮಿನ ಒಂದು ಮೂಲೆ ಅಂತ ಓದಿಕೊಳ್ಳಿ. ಜಾಗ ಬದಲಾದರೂ ಹೊತ್ತು ಬದಲಾಗುವುದಿಲ್ಲ. ಎದ್ದ ಕೂಡಲೇ, ಉಂಡ ಕೂಡಲೇ, ಆಟ ಮುಗಿದ ಕೂಡಲೇ. ಮರಿ ಎಷ್ಟು ತಿಂಗಳಿನದ್ದೋ ಅದಕ್ಕೆ ಒಂದು ಸೇರಿಸಿದರೆ ಹೆಚ್ಚೆಂದರೆ ಅಷ್ಟು ಗಂಟೆ ತಡೆದುಕೊಂಡೀತು. ಎರಡು ತಿಂಗಳ ಮರಿಗೆ ಮೂರು ಗಂಟೆ, ಅದೂ ಕಷ್ಟಪಟ್ಟು. ಲಿಫ್ಟ್ ಬರುವವರೆಗೆ ಕಾಯುವ ವಯಸ್ಸಲ್ಲ ಅದು. ಒರೆಸುವಾಗ ಫಿನಾಯಿಲ್ ಸಾಲದು, ವಾಸನೆ ಪೂರ್ತಿ ತೆಗೆಯುವ ಎನ್‌ಜೈಮ್ ಇರುವ ಕ್ಲೀನರ್ ತನ್ನಿ. ಇಲ್ಲದಿದ್ದರೆ ನಾಳೆಯೂ ಅದೇ ಜಾಗ.

ಕಚ್ಚಿ ಕಚ್ಚಿ ಇಡುತ್ತೆ. ಇದು ಯಾವಾಗ ನಿಲ್ಲುತ್ತೆ?

ಹಾಲುಹಲ್ಲು 28. ಸುಮಾರು ನಾಲ್ಕನೇ ತಿಂಗಳಿಗೆ ಬೀಳಲು ಶುರುವಾಗಿ, ಆರೇಳು ತಿಂಗಳಿಗೆ 42 ಹೊಸ ಹಲ್ಲು ಬಂದಿರುತ್ತವೆ. ಅಲ್ಲಿಯವರೆಗೆ ವಸಡು ಕಡಿಯುತ್ತಿರುತ್ತದೆ. ಒದ್ದೆ ಬಟ್ಟೆ ಗಂಟು ಹಾಕಿ ಫ್ರೀಜರಿನಲ್ಲಿಟ್ಟು ಕೊಡಿ. ಕೈ ಕಚ್ಚಿದರೆ ಆಟ ನಿಲ್ಲಿಸಿ ಎದ್ದು ಹೋಗಿ, ಕೂಗಾಡಬೇಡಿ.

ಯಾವ ಭಾಷೆಯಲ್ಲಿ ಕಲಿಸಬೇಕು?

ಯಾವುದಾದರೂ ಸರಿ, ಒಂದೇ ಇರಲಿ. ನಮ್ಮ ಮನೆಗಳಲ್ಲಿ ಅಮ್ಮ "ಕೂತ್ಕೋ" ಅನ್ನುತ್ತಾರೆ, ಮಗ "ಸಿಟ್" ಅನ್ನುತ್ತಾನೆ, ಕೆಲಸದ ಮಾವಶಿ "ಬಸ್" ಅನ್ನುತ್ತಾರೆ. ನಾಯಿಗೆ ಇದು ಮೂರು ಬೇರೆ ಸದ್ದು. ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿ, ಯಾವ ಕೆಲಸಕ್ಕೆ ಯಾವ ಮಾತು ಅಂತ. ಮಾವಶಿಗೂ ಹೇಳಿ. ಹಗಲೆಲ್ಲ ಮರಿಯ ಜೊತೆ ಇರುವುದು ಎಷ್ಟೋ ಮನೆಗಳಲ್ಲಿ ಅವರೇ. ಕೈ ಸನ್ನೆಯಿಂದ ಶುರುಮಾಡಿದರೆ ಇನ್ನೂ ಸುಲಭ, ಮಾತಿಗಿಂತ ಸನ್ನೆಯನ್ನು ನಾಯಿ ಬೇಗ ಹಿಡಿಯುತ್ತದೆ.

ಊಟದ ಪಟ್ಟಿಯಲ್ಲಿ ನಮ್ಮ ಅಡುಗೆ ಇಲ್ಲವೇ ಇಲ್ಲ.

ಬೇಡದ್ದರ ಪಟ್ಟಿ ಮಾತ್ರ ನಮ್ಮ ಅಡುಗೆಗೆ ಚೆನ್ನಾಗಿ ಹೊಂದುತ್ತದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಹುಳಿ, ಪಲ್ಯ, ಪೋಹೆ ಯಾವುದರಲ್ಲಿ ಈರುಳ್ಳಿ ಇಲ್ಲ ಹೇಳಿ. ದ್ರಾಕ್ಷಿಯಿಂದ ಮೂತ್ರಪಿಂಡ ಕೆಡಬಹುದು, ಅಂದರೆ ಪಾಯಸ, ಕೇಸರಿಬಾತ್ ಬಂದ್. ಚಾಕಲೇಟ್ ಬೇಡ. ಮೊಸರನ್ನ ತಿಂದರೆ ತೊಂದರೆ ಇಲ್ಲ, ಆದರೆ ಮೂರು ಹೊತ್ತೂ ಅದೇ ಆದರೆ ಬೆಳೆಯುವ ಮರಿಗೆ ಪ್ರೋಟೀನ್ ಸಾಲದು. ಮಾಂಸ ತಾರದ ಮನೆಯವರು ಮರಿ ತರುವ ಮುಂಚೆಯೇ ಇದನ್ನು ಡಾಕ್ಟರ ಹತ್ತಿರ ಮಾತಾಡಿಕೊಳ್ಳಿ.

ಸೊಸೈಟಿಯವರು ನಾಯಿ ಬೇಡ ಅಂತಾರೆ. ಪುಸ್ತಕದಲ್ಲಿ ಇದರ ಬಗ್ಗೆ ಏನೂ ಇಲ್ಲ.

ವಿದೇಶದ ಪುಸ್ತಕದಲ್ಲಿ ಎಲ್ಲಿರುತ್ತೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಸೊಸೈಟಿಗಳು ಸಾಕುನಾಯಿಯನ್ನು ನಿಷೇಧಿಸುವ ಹಾಗಿಲ್ಲ, ಲಿಫ್ಟ್ ಬಳಸಬೇಡಿ ಅನ್ನುವ ಹಾಗಿಲ್ಲ ಅಂತ ಇದೆ. ಅದರ ಪ್ರತಿ ಇಟ್ಟುಕೊಳ್ಳಿ. ಜೊತೆಗೆ ಪಾಲಿಕೆಯ ಲೈಸೆನ್ಸ್, ರೇಬಿಸ್ ಲಸಿಕೆಯ ಪುಸ್ತಕವೂ ಇರಲಿ. ನಿಮ್ಮ ನಾಯಿಯ ಹೊಲಸು ನೀವೇ ತೆಗೆದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಕೊಳ್ಳುವವರಿಗೆ ಇನ್ನೊಂದು ಮಾತು. 2017ರ ನಾಯಿ ಸಂತಾನೋತ್ಪತ್ತಿ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ, ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. "ಚಿಕ್ಕದಿರುವಾಗ ತಂದರೆ ಚೆನ್ನಾಗಿ ಹೊಂದಿಕೊಳ್ಳುತ್ತೆ" ಅಂತ ಐದು ವಾರದ ಮರಿ ಕೈಗೆ ಕೊಡುವವರಿಂದ ದೂರ ಇರಿ. ತಾಯಿ, ಒಡಹುಟ್ಟಿದವರ ಜೊತೆ ಆಡುವಾಗಲೇ ಎಷ್ಟು ಜೋರಾಗಿ ಕಚ್ಚಬಾರದು ಅಂತ ಮರಿ ಕಲಿಯುವುದು.

ಪುಸ್ತಕದಲ್ಲಿ ಹೇಳಿದ ಹಾಗೆಲ್ಲ ಮಾಡಿದರೂ ಆಗದಿದ್ದರೆ?

ಮೊದಲು ಪಶುವೈದ್ಯರು, ಆಮೇಲೆ ಟ್ರೇನರ್. ಹೊರಗೆ ಮಾಡಲು ಕಲಿತಿದ್ದ ಮರಿ ದಿಢೀರನೆ ಮನೆಯೊಳಗೆ ಉಚ್ಚೆ ಮಾಡತೊಡಗಿದರೆ ಅದು ಹಟ ಅಲ್ಲ, ಮೂತ್ರದ ಸೋಂಕು ಇರಬಹುದು. ಮುಟ್ಟಿದರೆ ಗುರ್ ಅಂದರೆ ಎಲ್ಲೋ ನೋವಿರಬಹುದು. ಪರೇಲ್‌ನಲ್ಲಿ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ ಇದೆ, 19ನೇ ಶತಮಾನದಿಂದ ನಡೆಯುತ್ತಿದೆ. ಮೈಗೆ ಏನೂ ಇಲ್ಲ ಅಂತ ಖಾತ್ರಿ ಆದ ಮೇಲೆ ಟ್ರೇನರ್ ಹುಡುಕಿ. ಮನೆಗೆ ಕರೆಸುವ ಮುಂಚೆ ಫೋನಿನಲ್ಲೇ ಎರಡು ಪ್ರಶ್ನೆ ಕೇಳಿ: ನಾಯಿ ಸರಿಯಾಗಿ ಮಾಡಿದರೆ ಏನು ಕೊಡುತ್ತೀರಿ, ತಪ್ಪು ಮಾಡಿದರೆ ಏನು ಮಾಡುತ್ತೀರಿ? ಎರಡನೆಯದಕ್ಕೆ "ಅದನ್ನೆಲ್ಲ ನಮಗೆ ಬಿಡಿ ಮೇಡಂ" ಅಂದರೆ ಬೇರೆಯವರನ್ನು ನೋಡಿ. ನಾಯಿಯನ್ನು ತಿಂಗಳಗಟ್ಟಲೆ ತಮ್ಮ ಜಾಗಕ್ಕೆ ಒಯ್ದು ಕಲಿಸಿ ಕೊಡುತ್ತೇವೆ ಅನ್ನುವವರೂ ಬೇಡ. ಪಾಠ ಮನೆಯಲ್ಲೇ, ನಿಮ್ಮ ಎದುರಿಗೇ ನಡೆಯಬೇಕು.